ನೌಕರರ ಹ್ಯಾಮ್ ರೇಡಿಯೋ ಕೂಟ: ಉದ್ದೇಶ, ಚಟುವಟಿಕೆ ಮತ್ತು ಯೋಜನೆ



ನಮ್ಮ ಸಂಘದ ನೌಕರರು ಸೇರಿ ಒಂದು ಹವ್ಯಾಸಿ ರೇಡಿಯೋ ಕೂಟವನ್ನು ಕಟ್ಟಿಕೊಳ್ಳಬೇಕೆಂಬ ವಿಚಾರ ಮುಂದಿನ ಸಾಮಾನ್ಯ ಸಭೆಗೆ ಬರಲಿದೆ. ಉಗ್ರಾಣದವರು, ತೂಕದ ಗುಮಾಸ್ತರು, ಜೀಪಿನ ಚಾಲಕರು, ಕಚೇರಿಯ ಹುಡುಗರು ಇದಕ್ಕೆ ಉತ್ಸಾಹ ತೋರಿದ್ದಾರೆ. ಸದಸ್ಯರಲ್ಲಿ ಕೆಲವರು, ಕಾಫಿ ಅಡಿಕೆ ಮಾರುವ ಸಂಘಕ್ಕೂ ರೇಡಿಯೋಕ್ಕೂ ಏನು ನಂಟು, ಇದು ಹುಡುಗರ ಆಟವಲ್ಲವೇ, ಇದಕ್ಕೆ ಸಂಘದ ಹಣವೇಕೆ ಎಂದು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಗಳೇ. ಸಭೆಯಲ್ಲಿ ಕೈಯೆತ್ತುವ ಮುನ್ನ ಪ್ರತಿಯೊಬ್ಬರೂ ವಿಷಯವನ್ನು ತಿಳಿದಿರಲೆಂದು ಈ ಲೇಖನದಲ್ಲಿ ಅದನ್ನು ಆದಷ್ಟು ಸರಳವಾಗಿ ವಿವರಿಸಿದ್ದೇವೆ.

ಹ್ಯಾಮ್ ಎಂದರೇನು?

ಆಕಾಶವಾಣಿಯಲ್ಲಿ ಒಬ್ಬರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಹವ್ಯಾಸಿ ರೇಡಿಯೋದಲ್ಲಿ ಇಬ್ಬರೂ ಹೇಳುತ್ತಾರೆ, ಇಬ್ಬರೂ ಕೇಳುತ್ತಾರೆ. ಸರ್ಕಾರದಿಂದ ಪರವಾನಗಿ ಪಡೆದ ವ್ಯಕ್ತಿ ತನ್ನದೇ ಯಂತ್ರ ಮತ್ತು ತಂತಿಯನ್ನು ಬಳಸಿ ಇನ್ನೊಬ್ಬ ಹವ್ಯಾಸಿಯೊಡನೆ ನೇರವಾಗಿ ಮಾತನಾಡುತ್ತಾನೆ. ನಡುವೆ ಕಂಬವಿಲ್ಲ, ಟವರಿಲ್ಲ, ಕಂಪೆನಿಯ ಬಿಲ್ಲಿಲ್ಲ. ಇಂಥವರನ್ನು ಲೋಕದಾದ್ಯಂತ 'ಹ್ಯಾಮ್' ಎಂದು ಕರೆಯುವುದು ವಾಡಿಕೆ.

ನಮ್ಮ ದೇಶಕ್ಕೆ ಇದು ಹೊಸದೇನಲ್ಲ. ಇಲ್ಲಿನ ಮೊದಲ ಹವ್ಯಾಸಿಗಳು 1921ರಲ್ಲಿಯೇ ಕೆಲಸ ಆರಂಭಿಸಿದರು. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಪರವಾನಗಿ ಪಡೆದ ಹವ್ಯಾಸಿ. ಅವರ ಕರೆಸಂಕೇತ ವಿಯು2ಆರ್‌ಜಿ. ಹವ್ಯಾಸಿ ಸೇವೆಗೆಂದೇ ಕೇಂದ್ರ ಸರ್ಕಾರ 1978ರಲ್ಲಿ ಪ್ರತ್ಯೇಕ ನಿಯಮಾವಳಿಯನ್ನು ರಚಿಸಿತು. ಸ್ವಂತ ಆಸಕ್ತಿಯಿಂದ ರೇಡಿಯೋ ಕಟ್ಟುವ ಪರಂಪರೆ ನಮ್ಮ ನಾಡಿನಲ್ಲಿಯೂ ಉಂಟು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಪ್ರಸಾರ ಕೇಂದ್ರವನ್ನು ತೆರೆದುದನ್ನೂ ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂದುದನ್ನೂ ಹಿರಿಯ ಸದಸ್ಯರು ಬಲ್ಲರು.

ನೌಕರರ ಕೂಟಕ್ಕೊಂದು ಮಾದರಿ

ಒಂದೇ ಕಡೆ ದುಡಿಯುವವರು ಸೇರಿ ನಡೆಸುವ ಕೂಟ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಬೆಂಗಳೂರಿನಲ್ಲಿಯೇ ನಿದರ್ಶನವಿದೆ. ಇಸ್ರೋ ಸಂಸ್ಥೆಯ ಉಪಗ್ರಹ ಕೇಂದ್ರಕ್ಕೆ ಈಗ ಯು.ಆರ್. ರಾವ್ ಅವರ ಹೆಸರಿದೆ. ಅಲ್ಲಿ 'ಉಪಗ್ರಹ ಹವ್ಯಾಸಿ ರೇಡಿಯೋ ಕ್ಲಬ್' ಎಂಬ ನೌಕರರ ಕೂಟವಿದೆ. ಅದರ ಕರೆಸಂಕೇತ ವಿಯು2ಯುಆರ್‌ಸಿ. ಹವ್ಯಾಸಿಗಳ ಬಳಕೆಗೆಂದೇ ಇಸ್ರೋ ನಿರ್ಮಿಸಿದ 'ಹ್ಯಾಮ್‌ಸ್ಯಾಟ್' ಎಂಬ ಪುಟ್ಟ ಉಪಗ್ರಹದ ಹಿಂದೆ ಇಂಥ ಆಸಕ್ತರ ಒತ್ತಾಸೆಯಿತ್ತು. ಸುಮಾರು 42 ಕಿಲೋ ತೂಕದ ಅದನ್ನು 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ರಾಕೆಟ್ಟು ಶ್ರೀಹರಿಕೋಟದಿಂದ ಹೊತ್ತೊಯ್ದಿತು. ಅದರಲ್ಲಿದ್ದ ಎರಡು ಮರುಪ್ರಸಾರ ಯಂತ್ರಗಳಲ್ಲಿ ಒಂದು ನಮ್ಮ ದೇಶದ್ದು, ಇನ್ನೊಂದು ಹಾಲೆಂಡಿನ ಹವ್ಯಾಸಿಯೊಬ್ಬರು ರೂಪಿಸಿದ್ದು. 2014ರವರೆಗೆ ಅದು ಲೋಕದ ಹವ್ಯಾಸಿಗಳ ಮಾತನ್ನು ಒಂದು ದೇಶದಿಂದ ಇನ್ನೊಂದಕ್ಕೆ ದಾಟಿಸುತ್ತಿತ್ತು. 2025ರ ಜುಲೈ 4ರಂದು ಅಂತರಿಕ್ಷ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವರು ಇದೇ ಕೇಂದ್ರದಲ್ಲಿ ನೆರೆದಿದ್ದವರೊಡನೆ ಮಾತನಾಡಿದ್ದೂ ಹವ್ಯಾಸಿ ರೇಡಿಯೋ ಮೂಲಕವೇ.

ನಾವು ಉಪಗ್ರಹ ಹಾರಿಸಬೇಕಾಗಿಲ್ಲ. ಆದರೆ ಕೂಟದ ರಚನೆಯನ್ನು ನೋಡಿ ಕಲಿಯಬಹುದು. ಸಂಸ್ಥೆ ಕೊಡುವುದು ಒಂದು ಕೋಣೆ, ತಂತಿ ಕಟ್ಟಲು ಜಾಗ, ಬೀಗದ ಕೈ. ಕೆಲಸ ಮುಗಿದ ಮೇಲೆ ಉಳಿದು ಅದನ್ನು ನಡೆಸುವವರು ನೌಕರರು. ಅವರಿಗೆ ಒಬ್ಬರನ್ನೊಬ್ಬರು ಬಲ್ಲ ಅನುಕೂಲವಿದೆ. ಯಾರು ಎಲ್ಲಿದ್ದಾರೆ, ಯಾರ ಬಳಿ ಏನಿದೆ ಎಂಬುದು ತಿಳಿದಿರುತ್ತದೆ. ಊರೂರಿನಿಂದ ಬರುವ ನಮ್ಮ ನೌಕರರಿಗೆ ಈ ಗುಣ ಇನ್ನೂ ಹೆಚ್ಚು. ಯಾವ ಹಳ್ಳ ಎಷ್ಟು ಮಳೆಗೆ ಉಕ್ಕುತ್ತದೆ, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ವೃದ್ಧರಿದ್ದಾರೆ ಎಂಬುದನ್ನು ಬಲ್ಲವರು ಅವರೇ.

ನಮಗೇಕೆ?

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ನಾವಾರೂ ಮರೆತಿಲ್ಲ. ಮರುವರ್ಷ ಮೂಡಿಗೆರೆಯ ಕಡೆಯೂ ಅದೇ ಪಾಡು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳನ್ನು ಮಣ್ಣು ಕೊಚ್ಚಿಕೊಂಡು ಹೋಯಿತು. ಅದೂ ನಮ್ಮಂತೆಯೇ ತೋಟದ ನಾಡು.

ಇಂಥ ಹೊತ್ತಿನಲ್ಲಿ ಟೆಲಿಫೋನು ಏಕೆ ಸಾಯುತ್ತದೆ ಎಂಬುದನ್ನು ತಿಳಿಯಬೇಕು. ಮೊಬೈಲ್ ಟವರಿಗೆ ವಿದ್ಯುತ್ ಬೇಕು. ಲೈನಿನ ಮೇಲೆ ಮರ ಬಿದ್ದರೆ ಬ್ಯಾಟರಿ ಕೆಲವು ಗಂಟೆ ತಾಳುತ್ತದೆ, ಅನಂತರ ಜನರೇಟರಿಗೆ ಡೀಸೆಲ್ ಬೇಕು. ರಸ್ತೆ ಮುಚ್ಚಿದ್ದರೆ ಡೀಸೆಲ್ ಬರುವುದಿಲ್ಲ. ಅಲ್ಲದೆ ಟವರನ್ನು ಹೊರಲೋಕಕ್ಕೆ ಜೋಡಿಸುವ ಕೇಬಲ್ಲು ಅನೇಕ ಕಡೆ ರಸ್ತೆಯಂಚಿನಲ್ಲಿಯೇ ಹೂತಿರುತ್ತದೆ. ರಸ್ತೆ ಕುಸಿದರೆ ಕೇಬಲ್ಲೂ ಅದರೊಡನೆ ಹೋಗುತ್ತದೆ. ಹೀಗೆ ರಸ್ತೆ, ವಿದ್ಯುತ್ತು, ಟೆಲಿಫೋನು ಮೂರೂ ಒಂದೇ ಏಟಿಗೆ ಬೀಳುತ್ತವೆ. ನೆರವು ಬೇಕಾದ ಊರು ಮೂಕವಾಗುತ್ತದೆ. ಹೊರಗಿನವರು ಅಲ್ಲಿ ಎಲ್ಲ ಕ್ಷೇಮವೆಂದೇ ಭಾವಿಸುತ್ತಾರೆ.

ಹ್ಯಾಮ್ ಕೇಂದ್ರಕ್ಕೆ ಈ ಮೂರರ ಹಂಗಿಲ್ಲ. ಜೀಪಿನ ಬ್ಯಾಟರಿ, ಪೆಟ್ಟಿಗೆಯಷ್ಟು ಯಂತ್ರ, ಎರಡು ಮರಗಳ ನಡುವೆ ಒಂದು ತಂತಿ ಇದ್ದರೆ ಸಾಕು. ವಯನಾಡಿನ ದುರಂತದಲ್ಲಿ ಹವ್ಯಾಸಿಗಳು ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮೂಲಕೇಂದ್ರ ತೆರೆದು, ಕುಸಿದ ಸ್ಥಳದಿಂದ ಸುದ್ದಿ ತಲಪಿಸಿದರು. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಅವರ ಹವ್ಯಾಸಿ ತಂಡ ಅಂಡಮಾನಿನ ಅಂದಿನ ಪೋರ್ಟ್ ಬ್ಲೇರ್‌ನಲ್ಲಿತ್ತು. ಅವರು ಹವ್ಯಾಸದ ಕಾರ್ಯಕ್ರಮವನ್ನು ಅಲ್ಲಿಗೇ ನಿಲ್ಲಿಸಿ, ದ್ವೀಪದ ಕ್ಷೇಮಸಮಾಚಾರವನ್ನು ಮುಖ್ಯಭೂಮಿಗೆ ತಲಪಿಸುವ ಕೆಲಸಕ್ಕೆ ನಿಂತರು. ಎರಡೂ ಕಡೆ ಕೆಲಸ ಸಾಗಿದ್ದು ಅಭ್ಯಾಸವಿದ್ದ ಜನ ಮತ್ತು ಸಿದ್ಧವಿದ್ದ ಸಲಕರಣೆ ಇದ್ದುದರಿಂದ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟರೆ ಆಗದು.

ಗುಡ್ಡದ ನಾಡಿಗೆ ತಕ್ಕ ಅಲೆ

ರೇಡಿಯೋ ಅಲೆಗಳಲ್ಲಿ ನಮಗೆ ಮುಖ್ಯವಾದವು ಎರಡು ಬಗೆ. ಮೊದಲನೆಯದು 144ರಿಂದ 146 ಮೆಗಾಹರ್ಟ್ಸಿನ ಅತಿ ಹೆಚ್ಚಿನ ಆವರ್ತನ. ಕೈಯಲ್ಲಿ ಹಿಡಿಯುವ ಚಿಕ್ಕ ಸೆಟ್ಟಿನಲ್ಲಿ ಇದು ಕೆಲಸ ಮಾಡುತ್ತದೆ, ಮಾತು ಸ್ವಚ್ಛವಾಗಿ ಕೇಳಿಸುತ್ತದೆ. ಆದರೆ ಇದು ಬಹುಮಟ್ಟಿಗೆ ಕಣ್ಣಿಗೆ ಕಾಣುವಷ್ಟೇ ದೂರ ಹೋಗುತ್ತದೆ. ನಡುವೆ ಗುಡ್ಡ ಬಂದರೆ ನಿಂತುಬಿಡುತ್ತದೆ. ತೊಯ್ದ ದಟ್ಟ ಮರಗಳೂ ಅದನ್ನು ಹೀರುತ್ತವೆ. ಎತ್ತರದ ಗುಡ್ಡದ ಮೇಲೆ 'ರಿಪೀಟರ್' ಎಂಬ ಮರುಪ್ರಸಾರ ಯಂತ್ರವಿದ್ದರೆ ಎರಡು ಕಣಿವೆಗಳು ಮಾತನಾಡಬಹುದು. ಆದರೆ ಅದಕ್ಕೆ ಅನುಮತಿ, ಜಾಗ, ವಿದ್ಯುತ್ತು, ಸಿಡಿಲಿನ ರಕ್ಷಣೆ ಎಲ್ಲವೂ ಬೇಕು. ಅದು ಮುಂದಿನ ಮಾತು.

ಎರಡನೆಯದು 7 ಮೆಗಾಹರ್ಟ್ಸಿನ ಸುತ್ತಲಿನ, ಹವ್ಯಾಸಿಗಳು 'ನಲವತ್ತು ಮೀಟರ್' ಎನ್ನುವ ಅಲೆ. ಇದು ಆಕಾಶದ ಮೇಲ್ಪದರಕ್ಕೆ ಹೋಗಿ ಅಲ್ಲಿಂದ ಹಿಂದಿರುಗುತ್ತದೆ. ಅಡಿಕೆಗೆ ಔಷಧಿ ಹೊಡೆಯುವವರಿಗೆ ಇದನ್ನು ವಿವರಿಸುವುದು ಸುಲಭ. ನಳಿಗೆಯನ್ನು ಓರೆಯಾಗಿ ಹಿಡಿದರೆ ಹನಿ ದೂರ ಹೋಗಿ ಬೀಳುತ್ತದೆ, ನಡುವಿನ ಮರಗಳು ಒಣಗಿಯೇ ಉಳಿಯುತ್ತವೆ. ನೇರ ಮೇಲಕ್ಕೆ ಹಿಡಿದರೆ ನಮ್ಮ ಸುತ್ತಲೇ ಸುರಿಯುತ್ತದೆ. ತಂತಿಯನ್ನು ಬಹಳ ಎತ್ತರಕ್ಕೆ ಕಟ್ಟದೆ ನೆಲದಿಂದ ಆರೆಂಟು ಮೀಟರಿನಲ್ಲಿ ಕಟ್ಟಿದರೆ ಅಲೆಯ ಹೆಚ್ಚಿನ ಪಾಲು ನೇರ ಮೇಲಕ್ಕೇರಿ, ಸುತ್ತಲಿನ ಒಂದೆರಡು ನೂರು ಕಿಲೋಮೀಟರಿಗೂ ಅದರಾಚೆಗೂ ಬೀಳುತ್ತದೆ. ಮೇಲಿಂದ ಬರುವ ಅಲೆಗೆ ಗುಡ್ಡ ಅಡ್ಡವಲ್ಲ. ಹಗಲಿಗೆ ಇದು ಚೆನ್ನು. ರಾತ್ರಿ ಹತ್ತಿರದ ಊರುಗಳು ಕೇಳಿಸದೆ ಹೋದರೆ 3.5 ಮೆಗಾಹರ್ಟ್ಸಿನ ಸುತ್ತಲಿನ ಅಲೆಗೆ ಇಳಿಯಬೇಕು.

ತಂತಿಯ ಅಳತೆಯೂ ಸುಲಭ. 143ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಉದ್ದ ಮೀಟರಿನಲ್ಲಿ ದೊರೆಯುತ್ತದೆ. 7.1ಕ್ಕೆ ಸುಮಾರು 20 ಮೀಟರ್, ಅಂದರೆ ಪ್ರತಿ ಬದಿಗೆ 10 ಮೀಟರ್. ಎರಡು ಸಿಲ್ವರ್ ಓಕ್ ಮರಗಳು ಇದಕ್ಕೆ ಸಾಕು. ಮರ ಗಾಳಿಗೆ ಓಲಾಡುವುದರಿಂದ ಒಂದು ತುದಿಯನ್ನು ಬಿಗಿಯಾಗಿ ಕಟ್ಟದೆ ರಾಟೆಯ ಮೇಲೆ ಹಾಯಿಸಿ ಭಾರ ತೂಗಬಿಡಬೇಕು. ಕೇಬಲ್ಲಿನ ಜೋಡಣೆಗೆ ನೀರು ನುಗ್ಗದಂತೆ ಚೆನ್ನಾಗಿ ಮುಚ್ಚಬೇಕು. ನಮ್ಮ ಮಳೆಯಲ್ಲಿ ನೀರು ಹೊಕ್ಕ ಕೇಬಲ್ಲು ಬೇಗನೆ ಕೆಲಸಕ್ಕೆ ಬಾರದಾಗುತ್ತದೆ.

ಬ್ಯಾಟರಿಯ ಲೆಕ್ಕ

ಸುಮಾರು 10 ವಾಟಿನ ಸೆಟ್ಟು ಕೇಳುವಾಗ ಅರ್ಧ ಆಂಪೇರ್, ಮಾತನಾಡುವಾಗ 3 ಆಂಪೇರ್ ಎಳೆಯುತ್ತದೆಂದು ಹಿಡಿಯೋಣ. ಗಂಟೆಯಲ್ಲಿ 50 ನಿಮಿಷ ಕೇಳಿ 10 ನಿಮಿಷ ಮಾತನಾಡಿದರೆ ಖರ್ಚು ಒಂದು ಆಂಪೇರ್-ಗಂಟೆಗಿಂತ ತುಸು ಕಡಿಮೆ. 60 ಆಂಪೇರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧವನ್ನು ಮಾತ್ರ ಬಳಸಿದರೂ 30 ಗಂಟೆ ಮೀರಿ ನಡೆಯುತ್ತದೆ. 100 ವಾಟಿನ ದೊಡ್ಡ ಸೆಟ್ಟು ಮಾತನಾಡುವಾಗ 20 ಆಂಪೇರಿನವರೆಗೂ ಎಳೆಯುವುದರಿಂದ ಅದಕ್ಕೆ ಈ ಲೆಕ್ಕ ಸಲ್ಲದು. ಮಳೆಗಾಲದ ಮೋಡದಲ್ಲಿ ಸೌರಫಲಕವನ್ನು ನೆಚ್ಚಿಕೊಳ್ಳುವಂತಿಲ್ಲ. ಆದುದರಿಂದ ಚಿಕ್ಕ ಶಕ್ತಿ, ಚಿಕ್ಕ ಮಾತು, ಎರಡು ಬ್ಯಾಟರಿ ಎಂಬುದೇ ನಮಗೆ ಸರಿಯಾದ ಸೂತ್ರ.

ಪ್ರಾಣಕ್ಕೆ ಸಂಬಂಧಿಸಿದ ಎರಡು ಮಾತು

ಲೋಹದ ಏಣಿ, ಲೋಹದ ದೋಟಿ ವಿದ್ಯುತ್ ತಂತಿಗೆ ತಗಲಿ ತೋಟಗಳಲ್ಲಿ ಜೀವ ಹೋಗುವುದನ್ನು ನಾವೆಲ್ಲ ಬಲ್ಲೆವು. ರೇಡಿಯೋದ ತಂತಿಗೂ ಅದೇ ನಿಯಮ. ವಿದ್ಯುತ್ ಲೈನಿನ ಮೇಲಾಗಲಿ ಕೆಳಗಾಗಲಿ ಅದನ್ನು ಎಂದೂ ಹಾಯಿಸಬಾರದು. ಕಡಿದುಬಿದ್ದರೂ ಲೈನನ್ನು ಮುಟ್ಟದಷ್ಟು ದೂರದಲ್ಲಿ ಕಟ್ಟಬೇಕು.

ಎರಡನೆಯದು ಸಿಡಿಲು. ಮಾರ್ಚ್, ಏಪ್ರಿಲಿನ ಹೂಮಳೆಯೊಡನೆ ಗುಡುಗು ಸಿಡಿಲು ಬರುವುದು ತಪ್ಪದು. ಕೆಲಸವಿಲ್ಲದಾಗ ತಂತಿಯನ್ನು ಯಂತ್ರದಿಂದ ಬಿಚ್ಚಿ ಕಟ್ಟಡದ ಹೊರಗೆ ನೆಲಕ್ಕೆ ಜೋಡಿಸಿರಬೇಕು. ಗುಡುಗು ಕೇಳಿಸುವಾಗ ಯಾರೂ ಯಂತ್ರ ಮುಟ್ಟಬಾರದು, ತಂತಿಯನ್ನೂ ಬಿಚ್ಚಲು ಹೋಗಬಾರದು.

ನಿಯಮ ಏನು ಹೇಳುತ್ತದೆ?

ಹ್ಯಾಮ್ ಆಗಲು ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು. ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಯೋಜನಾ ವಿಭಾಗ ಇದನ್ನು ನೋಡಿಕೊಳ್ಳುತ್ತದೆ. 12 ವರ್ಷ ತುಂಬಿದ ಯಾರೂ ಬರೆಯಬಹುದು. ದರ್ಜೆಗಳು ಎರಡು: ನಿರ್ಬಂಧಿತ ಮತ್ತು ಸಾಮಾನ್ಯ. ಎರಡಕ್ಕೂ ರೇಡಿಯೋ ತತ್ತ್ವ ಮತ್ತು ನಿಯಮಗಳ ಪ್ರಶ್ನೆಗಳುಂಟು. ಸಾಮಾನ್ಯ ದರ್ಜೆಗೆ ಅದರ ಜೊತೆಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಸಂಕೇತ ಬೇಕು. ಸಾಮಾನ್ಯವಾಗಿ ವಿಯು2 ಎಂದು ಆರಂಭವಾಗುವ ಕರೆಸಂಕೇತ ಸಾಮಾನ್ಯ ದರ್ಜೆಯದು, ವಿಯು3 ನಿರ್ಬಂಧಿತ ದರ್ಜೆಯದು. ಕೂಟಕ್ಕೂ ತನ್ನದೇ ಕರೆಸಂಕೇತ ದೊರೆಯುತ್ತದೆ. ಆದರೆ ಅದರ ಹೊಣೆಯನ್ನು ಪರವಾನಗಿಯುಳ್ಳ ಸದಸ್ಯರೊಬ್ಬರು ಹೊರಬೇಕು.

ಈಗ ಹಲವರು ಕೇಳಿದ ಪ್ರಶ್ನೆ: ಇದರಲ್ಲಿ ಅಡಿಕೆ ಧಾರಣೆ, ಕಾಫಿ ರೇಟು ತಿಳಿಸಬಹುದೇ? ಖಂಡಿತ ಕೂಡದು. ವ್ಯಾಪಾರದ ಮಾತಿಗೆ ಹವ್ಯಾಸಿ ರೇಡಿಯೋ ನಿಷಿದ್ಧ. ಲಾರಿ ಬಂತೇ, ಮೂಟೆ ಎಷ್ಟು, ಆಳುಗಳು ಬಂದರೇ ಎಂಬುದಕ್ಕೂ ಇದು ಅಲ್ಲ. ಗುಪ್ತ ಭಾಷೆಯೂ ಸಲ್ಲದು. ಯಾರು ಬೇಕಾದರೂ ಕೇಳಬಹುದಾದ ತೆರೆದ ಮಾತೇ ಆಗಿರಬೇಕು. ಬೇರೆಯವರ ಪರವಾಗಿ ಸಂದೇಶ ಸಾಗಿಸುವುದಕ್ಕೂ ಮಿತಿಯುಂಟು. ವಿಪತ್ತಿನಲ್ಲಿ ಮಾಮೂಲು ಸಂಪರ್ಕ ಕಡಿದುಬಿದ್ದಾಗ ಮಾತ್ರ ಅದಕ್ಕೆ ಅವಕಾಶ. ತೋಟದ ದಿನನಿತ್ಯದ ಕೆಲಸಕ್ಕೆ ಚಿಕ್ಕ ವಾಕಿಟಾಕಿ ಬೇಕೆನ್ನುವವರು ಪರವಾನಗಿಯಿಲ್ಲದೆ ಬಳಸಲು ಬಿಟ್ಟಿರುವ 446.0ರಿಂದ 446.2 ಮೆಗಾಹರ್ಟ್ಸಿನ, ಇಲಾಖೆಯ ಒಪ್ಪಿಗೆ ಪಡೆದ ಸೆಟ್ಟನ್ನು ಕೊಳ್ಳಲಿ. ಅಗ್ಗವೆಂದು ಸಿಕ್ಕ ಸೆಟ್ಟನ್ನು ಸಿಕ್ಕ ಆವರ್ತನದಲ್ಲಿ ಬಳಸುವುದು ಅಪರಾಧ.

ಹಾಗಾದರೆ ಲಾಭವೇನೆಂದು ಕೇಳಿದರೆ, ಹಣದ ಲಾಭ ಇಲ್ಲವೆಂದೇ ಹೇಳಬೇಕು. ಇದನ್ನು ಸಭೆಯ ಮುಂದೆ ಮುಚ್ಚಿಡುವುದು ಸರಿಯಲ್ಲ.

ವರ್ಷದ ಯೋಜನೆ

ತೋಟದ ಕೆಲಸದ ಪಂಚಾಂಗಕ್ಕೆ ಹೊಂದದ ಯೋಜನೆ ಕಾಗದದಲ್ಲಿಯೇ ಉಳಿಯುತ್ತದೆ. ಆದುದರಿಂದ ಈ ಕ್ರಮವನ್ನು ಸೂಚಿಸುತ್ತೇವೆ.

ಜುಲೈಯಿಂದ ಸೆಪ್ಟೆಂಬರ್: ಮಳೆಯಲ್ಲಿ ಹೊರಗಿನ ಕೆಲಸ ಕಡಿಮೆ. ವಾರಕ್ಕೆ ಎರಡು ಸಂಜೆ ಪಾಠ. ಒಮ್ಮೆ ತತ್ತ್ವ, ಒಮ್ಮೆ ನಿಯಮ ಮತ್ತು ಮೋರ್ಸ್. ಕೊಳೆರೋಗಕ್ಕೆ ಎರಡನೆಯ ಸಿಂಪಡಣೆ ಬಿದ್ದ ವಾರ ರಜೆ.

ಅಕ್ಟೋಬರ್: ಪರೀಕ್ಷೆಗೆ ಅರ್ಜಿ, ಹಳೆಯ ಪ್ರಶ್ನೆಗಳ ಅಭ್ಯಾಸ.

ನವೆಂಬರಿನಿಂದ ಮಾರ್ಚ್: ಕಾಫಿ ಕೊಯ್ಲು, ಅಡಿಕೆ ಕೊಯ್ಲು. ಹೊಸ ಕೆಲಸ ಬೇಡ. ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಅರ್ಧ ಗಂಟೆಯ ಹಾಜರಿ ಮಾತ್ರ. ಒಬ್ಬರು ನಿಯಂತ್ರಕರಾಗಿ ಒಂದೊಂದೇ ಕೇಂದ್ರವನ್ನು ಕರೆಯುತ್ತಾರೆ. ಉಳಿದವರು ಸರದಿಯಲ್ಲಿ ಉತ್ತರಿಸುತ್ತಾರೆ. ನಿಯಂತ್ರಕರು ವಾರವಾರವೂ ಬದಲಾಗಬೇಕು.

ಏಪ್ರಿಲ್: ತಂತಿ, ಹಗ್ಗ, ಕೇಬಲ್ಲು, ಬ್ಯಾಟರಿಗಳ ತಪಾಸಣೆ. ಯಂತ್ರಗಳನ್ನು ತೇವ ತಗಲದ ಪೆಟ್ಟಿಗೆಯಲ್ಲಿಡುವ ಏರ್ಪಾಟು.

ಮೇ: ಇಪ್ಪತ್ತನಾಲ್ಕು ಗಂಟೆಯ ಕ್ಷೇತ್ರಾಭ್ಯಾಸ. ಅಮೆರಿಕದ ಹವ್ಯಾಸಿಗಳು 1933ರಿಂದ ಜೂನಿನಲ್ಲಿ ಇಂಥ 'ಫೀಲ್ಡ್ ಡೇ' ನಡೆಸುತ್ತ ಬಂದಿದ್ದಾರೆ. ಕಚೇರಿಯ ವಿದ್ಯುತ್ತು ಮುಟ್ಟದೆ, ಬಯಲಿನಲ್ಲಿ ಟಾರ್ಪಾಲಿನ ಕೆಳಗೆ ಕೇಂದ್ರ ಕಟ್ಟಿ, ಹಗಲು ರಾತ್ರಿ ನಡೆಸಬೇಕು. ಯಾವ ಬ್ಯಾಟರಿ ಸೋತಿತು, ಯಾವ ಊರು ಕೇಳಿಸಲಿಲ್ಲ ಎಂಬ ಪಟ್ಟಿಯನ್ನು ಜೂನಿನ ಮೊದಲ ವಾರದೊಳಗೆ ಆಡಳಿತ ಮಂಡಳಿಗೆ ಕೊಡಬೇಕು.

ಸಂದೇಶದ ಶಿಸ್ತು

ವಿಪತ್ತಿನಲ್ಲಿ ಹೆಚ್ಚು ಹಾನಿ ಮಾಡುವುದು ಗಾಳಿಸುದ್ದಿ. ಆದುದರಿಂದ ಸಂದೇಶವನ್ನು ಮೊದಲು ಬರೆಯಬೇಕು, ಅನಂತರ ಓದಬೇಕು. ಕ್ರಮಸಂಖ್ಯೆ, ಹೊತ್ತು, ಯಾರಿಂದ, ಯಾರಿಗೆ, ಎಲ್ಲಿಂದ, ಏನು ಬೇಕು ಎಂಬಿಷ್ಟೇ ಇರಬೇಕು. ಕೇಳಿಸಿಕೊಂಡವರು ಅದನ್ನು ಹಾಗೆಯೇ ತಿರುಗಿ ಓದಿ ಹೇಳಬೇಕು. 'ತುಂಬ ಜನ ಸಿಕ್ಕಿಕೊಂಡಿದ್ದಾರೆ' ಎಂಬುದು ಸಂದೇಶವಲ್ಲ. 'ಸೇತುವೆಯ ಆಚೆ ಮೂರು ಮನೆ, ಹನ್ನೊಂದು ಜನ, ಒಬ್ಬ ಗರ್ಭಿಣಿ, ಕಾಲುದಾರಿ ತೆರೆದಿದೆ' ಎಂಬುದು ಸಂದೇಶ. ಕಣ್ಣಾರೆ ಕಂಡದ್ದು, ಬೇರೆಯವರು ಹೇಳಿದ್ದು ಎಂಬ ಭೇದವನ್ನೂ ಬರೆಯಬೇಕು. ಮಾತು ಕನ್ನಡದಲ್ಲಿಯೇ ಇರಬಹುದು. ಕರೆಸಂಕೇತವನ್ನು ಮಾತ್ರ ಅಂತಾರಾಷ್ಟ್ರೀಯ ಕ್ರಮದಲ್ಲಿ ಹೇಳಬೇಕು. ಪ್ರತಿ ಸಂಪರ್ಕವನ್ನೂ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು.

ಕೂಟಗಳು ಸೊರಗುವುದೇಕೆ?

ಪರವಾನಗಿ ಒಬ್ಬರ ಬಳಿ ಮಾತ್ರ ಇದ್ದು ಅವರು ಊರು ಬಿಟ್ಟರೆ ಕೂಟಕ್ಕೆ ಬೀಗ ಬೀಳುತ್ತದೆ. ದುಬಾರಿ ಯಂತ್ರ ತಂದು ಮುಟ್ಟಗೊಡದೆ ಕಪಾಟಿನಲ್ಲಿಟ್ಟರೂ ಅದೇ ಗತಿ. ಹೀಗಾಗದಿರಲು ಮೂರು ಷರತ್ತುಗಳನ್ನು ನಾವು ಸಭೆಯ ಮುಂದಿಡುತ್ತೇವೆ. ಕನಿಷ್ಠ ನಾಲ್ವರು ಪರೀಕ್ಷೆಯಲ್ಲಿ ತೇರ್ಗಡೆಯಾಗುವವರೆಗೆ ಸಂಘದ ಹಣದಿಂದ ಯಾವ ಪ್ರಸಾರ ಯಂತ್ರವನ್ನೂ ಕೊಳ್ಳಕೂಡದು. ಪುಸ್ತಕ ಮತ್ತು ಪರೀಕ್ಷಾ ಶುಲ್ಕವನ್ನು ಮಾತ್ರ ಕೊಡಬೇಕು. ಪರವಾನಗಿ ಪಡೆದವರು ಬೇರೆಬೇರೆ ಕಣಿವೆಗಳವರಾಗಿರಬೇಕು. ನಾಲ್ವರೂ ಪೇಟೆಯವರಾದರೆ ಫಲವಿಲ್ಲ. ಸಲಕರಣೆಗಳು ಸಂಘದ ಆಸ್ತಿಪುಸ್ತಕದಲ್ಲಿರಬೇಕು, ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆಯಾಗಬೇಕು.

ಇದರ ಮಿತಿಯನ್ನೂ ಅರಿತಿರೋಣ. ರೇಡಿಯೋ ಗುಡ್ಡವನ್ನು ತಡೆಯದು, ಕೊಚ್ಚಿಹೋದ ಸೇತುವೆಯನ್ನು ಕಟ್ಟದು, ಆಂಬುಲೆನ್ಸನ್ನು ಹಾರಿಸಿ ತರದು. ಸುದ್ದಿಯನ್ನು ತಲಪಿಸಬೇಕಾದವರಿಗೆ ತಲಪಿಸುತ್ತದೆ, ಅಷ್ಟೆ. ಆದರೆ ಕಣಿವೆಯ ಆಚೆ ಹಾವು ಕಚ್ಚಿದ ಮನುಷ್ಯನಿಗೂ ಹೆರಿಗೆ ನೋವು ಬಂದ ಹೆಂಗಸಿಗೂ ಆ ಸುದ್ದಿಯೇ ಮೊದಲ ಔಷಧಿ.

ಸಭೆಗೆ ಮುನ್ನ ಪ್ರತಿ ಊರಿನ ಸದಸ್ಯರೂ ತಮ್ಮಲ್ಲಿ ಕಲಿಯುವ ಮನಸ್ಸುಳ್ಳ ಇಬ್ಬರ ಹೆಸರನ್ನು ಸಂಘದ ಕಚೇರಿಗೆ ತಿಳಿಸಬೇಕಾಗಿ ಕೋರುತ್ತೇವೆ. ನೌಕರರೇ ಆಗಬೇಕೆಂದಿಲ್ಲ, ಸದಸ್ಯರ ಮನೆಯ ಹೆಣ್ಣುಮಕ್ಕಳೂ ಓದುವ ಹುಡುಗರೂ ಪಾಠಕ್ಕೆ ಬರಬಹುದು. ಊರಿನಲ್ಲಿ ಸದಾ ಉಳಿಯುವವರಾದರೆ ಒಳ್ಳೆಯದು. ಹೆಸರುಗಳು ಬಂದ ಮೇಲೆ ಕೂಟ ಬೇಕೇ ಬೇಡವೇ ಎಂಬುದನ್ನು ಸಭೆಯೇ ತೀರ್ಮಾನಿಸಲಿ.